ಒಂದೇ ಅಪ್ಪನಿಗೆ ಎರಡು ಚೌಕ

ನಮ್ಮ ಮನೆಯಲ್ಲಿ ಅಜ್ಜಿಯನ್ನು ಅಪ್ಪ 'ಅಕ್ಕಾ' ಎಂದು ಕರೆಯುತ್ತಿದ್ದ, ಅವ್ವ 'ಯವ್ವಾ' ಎಂದು ಕರೆಯುತ್ತಿದ್ದಳು. ಇದರಲ್ಲಿ ಬೆರಗಾಗುವಂಥದ್ದೇನಾದರೂ ಇದೆ ಎಂದು ಕಾಲೇಜು ಮೆಟ್ಟಿಲು ಹತ್ತುವವರೆಗೆ ನನಗೆ ಹೊಳೆದಿರಲೇ ಇಲ್ಲ. ಅಜ್ಜಿ ಸೊಂಟದ ಮೇಲೆ ಎತ್ತಿ ಆಡಿಸಿದ ಕೊನೆಯ ತಮ್ಮ ನಮ್ಮಪ್ಪ. ಅಜ್ಜಿಯ ಹಿರಿ ಮಗಳು ನಮ್ಮವ್ವ. ಅಂದರೆ ಅವ್ವ ತನ್ನ ಸೋದರಮಾವನನ್ನೇ ಮದುವೆಯಾಗಿದ್ದಳು. ನಮ್ಮ ಕಡೆ ಇದು ಊಟಕ್ಕೆ ಕೂತಷ್ಟೇ ಸಹಜ. ಹೆಣ್ಣು ಕೂಸು ಹುಟ್ಟಿತೆಂದರೆ ಮಂದಿ ತೊಟ್ಟಿಲು ನೋಡಿ, ಆಮೇಲೆ ತಾಯಿಯ ತಮ್ಮನ ಮುಖ ನೋಡಿ ನಗುತ್ತಾರೆ. ಆದರೆ ನಾವಿದ್ದದ್ದು ಪುಣೆಯಲ್ಲಿ, ಕೋಥರೂಡದಲ್ಲಿ. ಅಲ್ಲಿಯ ಮರಾಠಿ ಮಂದಿಗೆ ಮಾಮಾ ಅಂದರೆ ಅಪ್ಪನ ಸಮಾನ. ನಮ್ಮ ಹೊಸ್ತಿಲ ಒಳಗೆ ಒಂದು ರೀತಿ, ಹೊರಗೆ ಇನ್ನೊಂದು. ನಡುವೆ ಅಪ್ಪನ ಹಿಟ್ಟಿನ ಗಿರಣಿ.

ಗಿರಣಿ ಮುಂದೆ, ಮನೆ ಹಿಂದೆ. ಎರಡು ಕೋಣೆ, ಒಂದು ಅಡಿಗೆಮನೆ. ಬೆಳಿಗ್ಗೆ ಎಂಟಕ್ಕೆ ಬೆಲ್ಟು ತಿರುಗಲು ಶುರುವಾಯಿತೆಂದರೆ ಅಡಿಗೆಮನೆಯ ಮಾಡದಲ್ಲಿದ್ದ ಸ್ಟೀಲಿನ ಡಬ್ಬಿಗಳೆಲ್ಲ ಒಂದಕ್ಕೊಂದು ಹಲ್ಲು ಕಡಿಯುತ್ತಿದ್ದವು. ನಾವು ಮನೆಯವರೆಲ್ಲ ಗಂಟಲು ತೆಗೆದು ಮಾತಾಡುವವರಾದದ್ದು ಹಾಗೆ. ಇವತ್ತಿಗೂ ನಾನು ಫೋನಿನಲ್ಲಿ ಮಾತಾಡಿದರೆ ಎದುರಿನವರು ಜಗಳ ಅಂದುಕೊಳ್ಳುತ್ತಾರೆ, ವ್ಯಾಪಾರಕ್ಕೆ ಅದೂ ಒಳ್ಳೆಯದೇ. ಮಧ್ಯಾಹ್ನ ಒಂದಕ್ಕೆ ಯಂತ್ರ ನಿಂತಾಗ ಮನೆಯೆಲ್ಲ ಒಮ್ಮೆಲೇ ಕಿವುಡಾದಂತೆ ಆಗುತ್ತಿತ್ತು. ಅಪ್ಪ ಬೆಳ್ಳಗಾದ ಹುಬ್ಬು, ಬೆಳ್ಳಗಾದ ಕಣ್ಣೆವೆಯೊಂದಿಗೆ ಒಳಗೆ ಬಂದು ಮುಖ ತೊಳೆದು ಹತ್ತು ವರ್ಷ ಚಿಕ್ಕವನಾಗಿ ಊಟಕ್ಕೆ ಕೂಡುತ್ತಿದ್ದ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮೊದಲ ರೊಟ್ಟಿ ಅಪ್ಪನಿಗಲ್ಲ, ಅವ್ವನ ತಾಟಿಗೆ. ಇದು ಅಜ್ಜಿಯ ಕಾನೂನು. ಸುಡುವವಳು ಮೊದಲು ಒಂದು ತಿನ್ನಬೇಕು, ಆಮೇಲೆ ಉಳಿದವರಿಗೆ ಸುಡಬೇಕು. ಯಾಕೆ ಹೀಗೆ ಎಂದು ನಾವು ಮೂವರು ಮಕ್ಕಳು, ಅಂದರೆ ನಾನು ಮತ್ತು ಇಬ್ಬರು ತಮ್ಮಂದಿರು, ಎಂದೂ ಕೇಳಲಿಲ್ಲ.

ಗಂಡ ಹೆಂಡತಿ ಜಗಳವಾಡಿದಾಗ ಅಜ್ಜಿಯದೇ ಕೋರ್ಟು. ಆಕೆ ಒಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅಕ್ಕ. ಇಬ್ಬರಿಗೂ ವಕೀಲೆ, ಇಬ್ಬರಿಗೂ ನ್ಯಾಯಾಧೀಶೆ.

"ಏ ಮಲ್ಲೂ, ನನ್ನ ಮಗಳಿಗೆ ಬೈದ್ರ ನೋಡು ಮತ್ತ!"

"ಅಕ್ಕಾ, ನಾ ಏನ್ ಅಂದೆ ಈಗ?"

"ಏ ಪಾರೂ, ನೀನೂ ಅಷ್ಟ. ನನ್ನ ತಮ್ಮಗ ಎದುರು ಮಾತಾಡಬ್ಯಾಡ. ಹಸಕೊಂಡು ಬಂದಾನ ಅಂವ."

ಸಿಟ್ಟು ಜೋರಾದಾಗ ಅವ್ವನ ಬಾಯಿಂದ 'ಏನ್ರಿ' ಹೋಗಿ, ಚಿಕ್ಕಂದಿನಿಂದ ಕರೆದು ರೂಢಿಯಾಗಿದ್ದ 'ಮಾಮಾ' ಜಾರಿ ಬೀಳುತ್ತಿತ್ತು. ಆಗ ಅಪ್ಪನಿಗೆ ನಗು ತಡೆಯುತ್ತಿರಲಿಲ್ಲ. ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಅವರಿಬ್ಬರ ಸಂಸಾರ ಚೆನ್ನಾಗಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರೂ ಬೇರೆ ಥರ ತಿಳಿಯಬಾರದು.

ಹತ್ತನೆಯ ಇಯತ್ತೆ ಪಾಸಾದ ಬೇಸಿಗೆಯಲ್ಲಿ ನಾನು ನನ್ನ ಜೀವನದ ಮೊದಲ ದೊಡ್ಡ ಚೌಕಾಸಿ ಮಾಡಿದೆ. ನನಗೆ ಬಾರಾವೀ, ಅಂದರೆ ಹನ್ನೆರಡನೆಯ ಇಯತ್ತೆಯವರೆಗೆ ಸೈನ್ಸ್ ಓದಬೇಕಾಗಿತ್ತು, ಅದರಲ್ಲೂ ಜೀವಶಾಸ್ತ್ರ. ಅಜ್ಜಿಗೆ ನನ್ನ ಮದುವೆ ಬೇಕಾಗಿತ್ತು. ವರ ಯಾರೆಂದು ಹುಡುಕುವ ಪ್ರಶ್ನೆಯೇ ಇಲ್ಲ. ಅವ್ವನ ತಮ್ಮ ಶಿವು ಮಾಮಾ, ನನಗಿಂತ ಹತ್ತು ವರ್ಷ ದೊಡ್ಡವನು, ಪೇಟೆಯ ಕಾಗದದ ಅಂಗಡಿಯೊಂದರಲ್ಲಿ ಗುಮಾಸ್ತ. ಯೆರವಡಾದಲ್ಲಿ ಇನ್ನಿಬ್ಬರ ಜೊತೆ ಕೋಣೆ ಮಾಡಿಕೊಂಡಿದ್ದ. ಪ್ರತಿ ರವಿವಾರ ಸೈಕಲ್ ಹೊಡೆದುಕೊಂಡು ಊಟಕ್ಕೆ ಬರುತ್ತಿದ್ದ. ಒಳ್ಳೆಯವನು, ಮಾತು ಕಡಿಮೆ. ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿಹೋಗಿತ್ತಂತೆ.

"ಅಜ್ಜೀ, ಎರಡು ವರ್ಷ ಬಿಡು. ಬಾರಾವೀ ಮುಗೀಲಿ."

"ಬಾರಾವೀ ಮುಗಿದ ಮ್ಯಾಲೆ ಇನ್ನೊಂದು ಅಂತೀ. ನಿನ್ನ ನಾ ಅರಿಯೆನೇನು ಸುನಂದಾ? ಕಾಯಿಪಲ್ಯದವನ ಕಡೆ ಕೊತ್ತಂಬರಿ ಪುಕ್ಕಟೆ ತರಾಕಿ ನೀ."

"ಇಲ್ಲಾ. ಬಾರಾವೀ ಮುಗಿದ್ ಕೂಡ್ಲೇ ನೀ ಹೇಳ್ದಂಗ ಕೇಳ್ತೀನಿ. ಮಾತು ಕೊಟ್ಟೆ."

"ಶಿವೂಗ?"

"ಶಿವು ಮಾಮಾಗ."

ಅಜ್ಜಿ ನನ್ನ ಅಂಗೈ ಮೇಲೆ ತನ್ನ ಅಂಗೈ ಬಡಿದಳು. ನಾನು ಗೆದ್ದೆ ಅಂದುಕೊಂಡೆ. ಎರಡು ವರ್ಷದ ಓದು ನನ್ನ ಕೈಗೆ ಇವತ್ತೇ ಬಂತು, ಕೊಡಬೇಕಾದ್ದು ಎಷ್ಟೋ ದೂರ ಇತ್ತು. ಈಗ ಪ್ರಯೋಗಶಾಲೆಗಳಿಗೆ ಗಾಜಿನ ಸಾಮಾನು, ಸ್ಲೈಡು, ನಕ್ಷೆ ಒದಗಿಸುವ ಸ್ವಂತ ವ್ಯಾಪಾರ ಮಾಡಿ ತಲೆ ನೆರೆತ ಮೇಲೆ ಹೇಳುತ್ತಿದ್ದೇನೆ, ಎಳೆಯರು ಯಾರಾದರೂ ಓದುತ್ತಿದ್ದರೆ ಕಿವಿಗೆ ಹಾಕಿಕೊಳ್ಳಿ. ನಿಮ್ಮ ಕಡೆಯಿಂದ ಏನು ಕೊಡುತ್ತಿದ್ದೀರಿ ಎಂಬುದರ ಬೆಲೆ ನಿಮಗೇ ಗೊತ್ತಿಲ್ಲದಿದ್ದಾಗ ಕೈ ಬಡಿಯಬೇಡಿ. "ನಾಳೆ ಹೇಳ್ತೀನಿ" ಅನ್ನಿ, ಎದ್ದು ಬನ್ನಿ. ನನಗೆ ಆಗ ಹದಿನಾರು. ಎದ್ದು ಬರುವ ಬುದ್ಧಿ ಎಲ್ಲಿಂದ ಬರಬೇಕು?

ಕಾಲೇಜಿನ ಜೀವಶಾಸ್ತ್ರದ ಪ್ರಯೋಗಶಾಲೆ ಮೂರನೆಯ ಮಹಡಿಯಲ್ಲಿತ್ತು. ಉದ್ದನೆಯ ಕರಿ ಮೇಜು, ಕಿಟಕಿಯ ಕಡೆ ಮುಖ ಮಾಡಿದ ಸೂಕ್ಷ್ಮದರ್ಶಕಗಳು. ನಮಗೆ ಕಲಿಸುತ್ತಿದ್ದವರು ಪರಾಂಜಪೆ ಮೇಡಮ್. ತೆಳ್ಳಗಿನ ಮೈ, ಹತ್ತಿಯ ಸೀರೆ, ಬೆರಳ ತುದಿಯಲ್ಲಿ ಯಾವಾಗಲೂ ಸೀಸದ ಕಡ್ಡಿಯ ಕರಿ. ಮೊದಲ ವಾರ ಯಾವುದೋ ಎಲೆಯ ತೆಳು ಪದರ ಇಟ್ಟು ನೋಡುತ್ತಿದ್ದಾಗ ಅವರು ನನ್ನ ಸ್ಲೈಡಿಗೆ ಕಣ್ಣಿಟ್ಟು, ಇದೇನು ಎಲೆಯ ನಡುವೆ ದುಂಡನೆಯ ಕಾಳುಗಳು ಎಂದು ಕೇಳಿದರು. ಒಂದು ಹನಿ ಅಯೋಡಿನ್ ಬಿಟ್ಟರು, ಕಾಳುಗಳು ನೀಲಿಗಪ್ಪಾದವು. ನನ್ನ ಕೂದಲಿನಿಂದ ಉದುರಿದ ಜೋಳದ ಹಿಟ್ಟು ಅದು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಆ ಹಿಟ್ಟನ್ನು ನಾನು ಹುಟ್ಟಿದಾಗಿನಿಂದ ಉಸಿರಾಡಿದ್ದೆ, ರೊಟ್ಟಿ ಮಾಡಿ ತಿಂದಿದ್ದೆ, ಅದರ ಒಂದು ಕಾಳಿನ ಮುಖ ಹೇಗಿದೆ ಎಂದು ಎಂದೂ ನೋಡಿರಲಿಲ್ಲ. ನಮ್ಮ ಮನೆಯೊಳಗಿನದೇ ಇಷ್ಟು ಗೊತ್ತಿಲ್ಲದೆ ಉಳಿದಿದೆಯಲ್ಲ ಅನ್ನಿಸಿದ್ದು ಆ ಕಿಟಕಿಯ ಬೆಳಕಿನಲ್ಲಿ. ಪ್ರಯೋಗದ ವಹಿಯಾದ ಜರ್ನಲ್ಲಿನ ಚಿತ್ರಗಳನ್ನು ನಾನು ಅವ್ವ ರಂಗೋಲಿ ಎಳೆದಂತೆ ಎಳೆಯುತ್ತಿದ್ದೆ, ಒಂದು ಕಡೆಯೂ ಕೈ ಎತ್ತದೆ. ಒಳ್ಳೆಯ ಹಾಳೆ ಶಿವು ಮಾಮಾ ತಂದುಕೊಡುತ್ತಿದ್ದ. ಅಂಗಡಿಯಲ್ಲಿ ಅಂಚು ಮುದುರಿ ಮಾರಲು ಬಾರದ ಡ್ರಾಯಿಂಗ್ ಹಾಳೆಗಳನ್ನು ಮಾಲಕರನ್ನು ಕೇಳಿ ತಂದು, ಅಂಚು ಕತ್ತರಿಸಿ, ಟೇಬಲ್ಲಿನ ಮೇಲೆ ಇಟ್ಟು ಹೋಗುತ್ತಿದ್ದ. "ಇದು ಚಲೋ ಕಾಗದ, ಅಳಿಸಿದ್ರ ಹರಿಯಂಗಿಲ್ಲ" ಅನ್ನುವುದು ಅವನು ನನ್ನ ಜೊತೆ ಆಡಿದ ಅತ್ಯಂತ ಉದ್ದನೆಯ ಮಾತು.

ಅಂಗಡಿಯ ಮಾಲು ಮುಟ್ಟಿಸಲು ನಮ್ಮ ಕಡೆ ಬಂದಾಗೆಲ್ಲ ಅವನು ಸೈಕಲ್ಲಿನ ಮೇಲೆ ನನ್ನನ್ನು ಕಾಲೇಜಿಗೆ ಬಿಡುತ್ತಿದ್ದ. ಒಂದು ದಿನ ಗೇಟಿಗೆ ಬಿಟ್ಟದ್ದನ್ನು ನನ್ನ ಗೆಳತಿ ವೈಶಾಲಿ ನೋಡಿದಳು. ಡಬ್ಬಿ ಬಿಚ್ಚುವಾಗ ಯಾರು ಎಂದು ಕೇಳಿದಳು. ನಾನು ಮರಾಠಿಯಲ್ಲಿ ಸಲೀಸಾಗಿ ಹೇಳಿದೆ, ಅವನು ನಮ್ಮ ಮಾಮಾ, ಬಾರಾವೀ ಆದ ಮೇಲೆ ಅವನ ಜೊತೆ ನನ್ನ ಲಗ್ನ ಎಂದು.

"ಮಾಮಾಶೀ ಲಗ್ನ? ಶೀ!"

ಅವಳ ಕೈಯ ಪೋಳಿ, ಆ ಮಂದಿಯ ಚಪಾತಿ, ಬಾಯಿಯ ಹತ್ತಿರವೇ ನಿಂತಿತು. ಸುತ್ತ ಕೂತ ಐದಾರು ಹುಡುಗಿಯರು ನನ್ನ ಕಡೆ ತಿರುಗಿದರು. ಜೇಡದ ಕಾಲು ಬಿದ್ದ ಸಾರು ನೋಡುವ ಮುಖ ಅವು. ನಾನು ಅರೆಕ್ಷಣದಲ್ಲಿ ಜೋರಾಗಿ ನಕ್ಕು, "ಗಮ್ಮತ್ ಕೇಲೀ ಗಂ!" ಅಂದೆ, ಚೇಷ್ಟೆ ಮಾಡಿದೆ ಎಂದು. ಎಲ್ಲರೂ ನಕ್ಕರು, ಪೋಳಿ ಬಾಯಿಗೆ ಹೋಯಿತು. ಆದರೆ ನಾನು ನನ್ನ ಡಬ್ಬಿ ಮುಚ್ಚಿಟ್ಟೆ. ಆ 'ಶೀ' ನನ್ನ ಮೇಲೆ ಮಾತ್ರ ಬಿದ್ದಿದ್ದರೆ ಒರೆಸಿಕೊಳ್ಳುತ್ತಿದ್ದೆ. ಅದು ನನ್ನ ಅಪ್ಪ ಅವ್ವನ ಮೇಲೆ ಬಿದ್ದಿತ್ತು. ಅದಾದ ಮೇಲೆ ಮಾಮಾನಿಗೆ ಗೇಟಿನಿಂದ ದೂರ ಬಸ್ಟಾಪಿನ ಹತ್ತಿರವೇ ಇಳಿಸು ಅನ್ನತೊಡಗಿದೆ. ಅವನು ಯಾಕೆ ಎಂದು ಕೇಳಲಿಲ್ಲ.

ಬಾರಾವೀಯಲ್ಲಿ ಅನುವಂಶೀಯತೆಯ ಪಾಠ ಬಂತು. ಮೇಡಮ್ ಪ್ರತಿಯೊಬ್ಬರೂ ತಮ್ಮ ಮನೆಯ ಮೂರು ತಲೆಮಾರಿನ ವಂಶನಕ್ಷೆ ಬರೆದು ಜರ್ನಲ್ಲಿಗೆ ಹಚ್ಚಬೇಕು ಎಂದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ನಡುವೆ ಅಡ್ಡಗೆರೆ, ಮಕ್ಕಳಿಗೆ ಕೆಳಗೆ ಇಳಿಗೆರೆ. ಪ್ರತಿ ಚಿಹ್ನೆಯ ಕೆಳಗೆ ಹೆಸರಿನ ಮೊದಲಕ್ಷರ, ವಯಸ್ಸು. ನಾಲಿಗೆಯನ್ನು ನಳಿಗೆಯಂತೆ ಮಡಚಲು ಬರುವವರ ಚಿಹ್ನೆಗೆ ಕಪ್ಪು ತುಂಬಬೇಕು, ಬಾರದವರದು ಖಾಲಿ. ನಾಲಿಗೆಯ ಸಂಗತಿ ಅಷ್ಟು ಸರಳವಲ್ಲ ಎಂದು ಈಗ ಹೇಳುತ್ತಾರೆ, ಆಗ ಹಾಗೆ ಕಲಿಸುತ್ತಿದ್ದರು.

ಮುಂದಿನ ರವಿವಾರ ಊಟವಾದ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿದೆ. ಅವ್ವನ ನಾಲಿಗೆ ಹೂವಿನ ದಳದಂತೆ ಮಡಚಿತು. ಇಬ್ಬರು ತಮ್ಮಂದಿರದೂ ಆಯಿತು. ಅಪ್ಪ ಕಣ್ಣು ಮೆಳ್ಳಗಾಗುವವರೆಗೆ ಪ್ರಯತ್ನಿಸಿದ, ಆಗಲಿಲ್ಲ. ಶಿವು ಮಾಮಾ ಗೋಡೆಯ ಕಡೆ ತಿರುಗಿ ಪ್ರಯತ್ನಿಸಿ, ಆಗಂಗಿಲ್ಲ ಎಂದು ಕೈಯಾಡಿಸಿದ. ಅಜ್ಜಿ ಮಾತ್ರ ತುಟಿ ಬಿಗಿದು ಕೂತಳು.

"ಈ ವಯಸ್ಸಿನ್ಯಾಗ ನಾಲಿಗಿ ಚಾಚ್ಲೇನು ನಾನು? ಯಾರಿಗರೆ ದೃಷ್ಟಿ ತಗದಂಗ!"

"ಒಂದ್ಸಲ ಅಜ್ಜೀ. ಮಾರ್ಕ್ಸ್ ಅದಾವ."

"ಅಕ್ಕಾ, ನಿನ್ನ ನಾಲಿಗಿ ಉದ್ದ ಅದ ಅಂತ ಎಲ್ಲಾರಿಗೂ ಗೊತ್ತದ. ಮಡಚ್ತದೋ ಇಲ್ಲೋ ಅಷ್ಟ ನೋಡೂಣು," ಅಂದ ಅಪ್ಪ.

ಅಜ್ಜಿ ಸೆರಗು ಅಡ್ಡ ಹಿಡಿದು ನನಗೊಬ್ಬಳಿಗೇ ತೋರಿಸಿದಳು. ಮಡಚಲಿಲ್ಲ. ಖಾಲಿ ವೃತ್ತ.

ಬರೆಯಲು ಕೂತಾಗ ನನಗೆ ತಿಳಿಯಿತು. ಅಜ್ಜಿಯ ಸಾಲಿನಲ್ಲಿ ಅವಳ ತಮ್ಮನಾಗಿ ಅಪ್ಪನ ಚೌಕ ಬರಬೇಕು. ಒಂದು ಸಾಲು ಕೆಳಗೆ ಅವ್ವನ ಪಕ್ಕದಲ್ಲಿ ಗಂಡನಾಗಿಯೂ ಅದೇ ಚೌಕ ಬರಬೇಕು. ಒಂದೇ ಚೌಕ ಬರೆದರೆ ಗೆರೆ ಓರೆಯಾಗಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇಳಿಯುತ್ತದೆ, ಜರ್ನಲ್ ತೆರೆದವರಿಗೆಲ್ಲ ಕಣ್ಣಿಗೆ ಹೊಡೆಯುತ್ತದೆ. ವೈಶಾಲಿ ನೋಡುತ್ತಾಳೆ, ಪರೀಕ್ಷೆಗೆ ಹೊರಗಿನಿಂದ ಬರುವವರು ನೋಡುತ್ತಾರೆ. ಬಹಳ ಜಾಣತನ ಮಾಡಿದೆ ಎಂದುಕೊಂಡು ನಾನು ಅಪ್ಪನನ್ನು ಎರಡು ಸಲ ಬರೆದೆ. ಮೇಲೆ ಅಜ್ಜಿಯ ಪಕ್ಕ ಒಬ್ಬ ತಮ್ಮ, ಕೆಳಗೆ ಅವ್ವನ ಪಕ್ಕ ಒಬ್ಬ ಗಂಡ. ನಕ್ಷೆ ನೀಟಾಗಿ, ಊರಿನ ಎಲ್ಲರ ಮನೆಯಂತೆ ಕಂಡಿತು.

ಎರಡು ದಿನದ ಮೇಲೆ ಮೇಡಮ್ ತರಗತಿ ಮುಗಿದ ಬಳಿಕ ನನ್ನನ್ನು ನಿಲ್ಲಿಸಿಕೊಂಡರು. ಜರ್ನಲ್ ತೆರೆದು ಒಂದು ಚೌಕದ ಮೇಲೆ ಒಂದು ಬೆರಳು, ಇನ್ನೊಂದರ ಮೇಲೆ ಇನ್ನೊಂದು ಬೆರಳು ಇಟ್ಟರು. ಎರಡರ ಕೆಳಗೂ 'ಮ', ಎರಡರ ಕೆಳಗೂ ನಲವತ್ತಾರು, ಎರಡೂ ಖಾಲಿ.

"ಹೇ ದೋಘೇ ಜುಳೇ ಆಹೇತ ಕಾ?" ಎಂದರು. ಇವರಿಬ್ಬರು ಅವಳಿಗಳೇನು?

ವಯಸ್ಸನ್ನಾದರೂ ಬದಲಾಯಿಸಬೇಕಿತ್ತು. ಸುಳ್ಳು ಹೇಳುವುದಿದ್ದರೆ ಪೂರ್ತಿ ಹೇಳಬೇಕು, ಇಲ್ಲವಾದರೆ ಅದರ ಗೊಡವೆಗೇ ಹೋಗಬಾರದು. ನಾನು ಬಾಗಿಲ ಕಡೆ ನೋಡಿ, ಯಾರೂ ಇಲ್ಲದ್ದನ್ನು ಖಚಿತ ಮಾಡಿಕೊಂಡು, ಇದ್ದದ್ದು ಹೇಳಿದೆ. ಶಿವು ಮಾಮಾನ ಮಾತನ್ನೂ ಹೇಳಿದೆ. ಮೇಡಮ್ 'ಶೀ' ಅನ್ನಲಿಲ್ಲ. ರಬ್ಬರು ತೆಗೆದುಕೊಂಡು ಮೇಲಿನದನ್ನು ಉಳಿಸಿ ಕೆಳಗಿನ ಚೌಕವನ್ನು ತಾವೇ ಅಳಿಸಿದರು. ಒಬ್ಬ ಮನುಷ್ಯನಿಗೆ ಒಂದೇ ಚೌಕ, ಅವನು ಎಷ್ಟು ಸಂಬಂಧಗಳಲ್ಲಿ ನಿಂತಿದ್ದರೂ ಸರಿ, ಎಂದರು. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಒಂದರ ಬದಲು ಎರಡು ಅಡ್ಡಗೆರೆ ಎಳೆಯುತ್ತಾರೆ, ಅದು ಬೈಗುಳವಲ್ಲ, ಗುರುತು. ಅಂಥ ಇಬ್ಬರಲ್ಲಿ ಒಂದೇ ಅಡಗಿದ ದೋಷ ಇರುವ ಸಂಭವ ಹೆಚ್ಚು, ಎರಡೂ ಕೂಡಿ ಮಗುವಿಗೆ ಬರುವ ಸಂಭವ ಹೆಚ್ಚು. ಹೆಚ್ಚು ಅಂದರೆ ಖಂಡಿತ ಅಂತಲ್ಲ. ನಿನ್ನ ಮದುವೆಯ ಬಗ್ಗೆ ನಾನು ಹೇಳುವುದಿಲ್ಲ, ನಕ್ಷೆಯ ಬಗ್ಗೆ ಹೇಳುತ್ತೇನೆ, ಪೂರ್ತಿ ಬರೆ, ಹುಟ್ಟಿ ಉಳಿಯದೆ ಹೋದವರನ್ನೂ ಬರೆ, ಅವರಿಗೆ ಸಣ್ಣ ಚಿಹ್ನೆ ಹಾಕಿ ಓರೆಗೆರೆ ಎಳೆ. ಇಷ್ಟು ಹೇಳಿ ಜರ್ನಲ್ ಕೈಗೆ ಕೊಟ್ಟರು.

ಮರುದಿನ ಮಧ್ಯಾಹ್ನ ಗಿರಣಿ ನಿಂತಿತ್ತು. ಅಪ್ಪ ಬೆಲ್ಟು ರಿಪೇರಿಗೆ ಒಯ್ದಿದ್ದ, ತಮ್ಮಂದಿರು ಶಾಲೆಯಲ್ಲಿದ್ದರು. ಅಡಿಗೆಮನೆಯ ನೆಲದ ಮೇಲೆ ಶಿವು ಮಾಮಾ ಕೊಟ್ಟ ಹಾಳೆ ಹಾಸಿಕೊಂಡು ಹೊಸದಾಗಿ ಬರೆಯಲು ಕೂತೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವ್ವ ಕತ್ತು ಚಾಚಿ ನೋಡಿದಳು.

"ಈ ಗುಂಡಗಿಂದು ನಾನೇನು?"

"ಹೌದವ್ವಾ. ಇದು ಅಪ್ಪ."

"ನಮಗ ಎರಡು ಗೀಟು ಹಾಕೀದಿ, ಅಜ್ಜಿ–ಅಜ್ಜಗ ಒಂದಾ ಹಾಕೀದಿ?"

"ಪೂರ್ತಿ ಬರೀ ಅಂದಾರ ಮೇಡಮ್. ಸಂಬಂಧದಾಗ ಲಗ್ನ ಆದ್ರ ಎರಡು ಹಾಕ್ಬೇಕಂತ."

"ಚಲೋ ಆತಲ್ಲ," ಅಂದಳು ಅಜ್ಜಿ, "ಎರಡು ಅಂದ್ರ ಗಟ್ಟಿ ಅಂತಾತು. ಕಿತ್ತು ಬರಂಗಿಲ್ಲ."

ನಾನು ಕೆಳಗೆ ಮೂರು ಇಳಿಗೆರೆ ಎಳೆದೆ. ಒಂದು ವೃತ್ತ, ಎರಡು ಚೌಕ. ಅವ್ವ ಬಡಿಯುತ್ತಿದ್ದ ಕೈ ನಿಲ್ಲಿಸಿದಳು.

"ಎರಡು ಬಿಟ್ಟೀ."

ನನಗೆ ಅರ್ಥವಾಗಲಿಲ್ಲ. ಅಜ್ಜಿಗೆ ಆಯಿತು.

"ಪಾರೂ, ಅವನ್ನೆಲ್ಲ ಯಾಕ ಬರಸ್ತೀ? ಸಾಲಿ ಮಂದಿ ನೋಡೂದದು."

"ಪೂರ್ತಿ ಬರೀ ಅಂದಾರಂತಲ್ಲ ಯವ್ವಾ. ಪೂರ್ತಿ ಅಂದ್ರ ಐದು." ಅವ್ವ ನನ್ನ ಕಡೆ ತಿರುಗಿದಳು. ಅವಳ ದನಿ ಗಿರಣಿ ನಿಂತಾಗಿನ ಮನೆಯ ಹಾಗೆ ಇತ್ತು. "ನಿನ್ನ ಬೆನ್ನಿಗೆ ಒಂದು ಗಂಡು. ಹನ್ನೊಂದು ದಿನ ಇದ್ದ. ಆಮ್ಯಾಲೆ ಒಂದು ಹೆಣ್ಣು. ತಿಂಗಳೊಪ್ಪತ್ತು ಇತ್ತು. ಹಾಲು ಹಿಡೀಲಿಲ್ಲ, ಕುತ್ತಿಗಿ ನಿಲ್ಲಲಿಲ್ಲ. ಆಮ್ಯಾಲೆ ನಿನ್ನ ತಮ್ಮಂದಿರು."

ಹಂಚಿನ ಮೇಲಿನ ರೊಟ್ಟಿ ಕರಕಾಗುವ ವಾಸನೆ ಬಂತು. ನಮ್ಮವ್ವನ ರೊಟ್ಟಿ ಕರಕಾದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಾನು ಒಂದು ಸಣ್ಣ ಚೌಕ, ಒಂದು ಸಣ್ಣ ವೃತ್ತ ಬರೆದು ಓರೆಗೆರೆ ಎಳೆದೆ. ಹೆಸರಿನ ಅಕ್ಷರ ಖಾಲಿ ಬಿಟ್ಟೆ.

"ಹುಡುಗಿಗೆ 'ಗ' ಅಂತ ಬರಿ," ಅಂದಳು ಅವ್ವ. "ಗಂಗಾ. ಕೂಸಿಗೆ ಆರಾಮ ಆಗ್ಲಿ ಅಂತ ತೊಟ್ಟಲಿಗೆ ಹಾಕೂದು ಮುಂದ ಹಾಕಿದ್ವಿ, ಅಷ್ಟ್ರಾಗ ಹೋತು. ಆದ್ರ ನಾ ಒಳಗಿಂದೊಳಗ ಹಂಗ ಕರೀತಿದ್ದೆ."

ಅಜ್ಜಿಗೂ ಈ ಹೆಸರು ಗೊತ್ತಿರಲಿಲ್ಲ. ಮೊರ ತೊಡೆಯ ಮೇಲೆ ಹಾಗೇ ನಿಂತಿತು. ಆಕೆ ಹಾಳೆಯ ಕಡೆ ಬೆರಳು ಮಾಡಿ ನನ್ನನ್ನು ಕೇಳಿದಳು.

"ಈ ಎರಡು ಗೀಟಿನಿಂದ ಆತೇನು ಇದು? ಖರೇ ಹೇಳು."

ಈಗ ನನ್ನ ಕೈಯಲ್ಲಿ ಏನಿತ್ತು ಎಂದು ನೋಡಿ. 'ಹೌದು' ಎಂಬ ಒಂದೇ ಮಾತು. ಅದನ್ನು ಆಡಿದ್ದರೆ ಬಾರಾವೀ ಮುಗಿದ ಮರುದಿನದ ಮಾತು ಅಲ್ಲಿಗೇ ಮುರಿದು ಬೀಳುತ್ತಿತ್ತು, ನಾನು ಬಿಡುಗಡೆಯಾಗುತ್ತಿದ್ದೆ. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅದು ಸತ್ಯ ಎಂದು ನನಗೆ ಗೊತ್ತಿರಲಿಲ್ಲ, ಮೇಡಮ್ಮಿಗೂ ಗೊತ್ತಿರಲಿಲ್ಲ. ಅಜ್ಜಿಯ ಮುಖ ನೋಡಿದೆ. ಆ ಮಾತು ಆಡಿದರೆ ಆಕೆ ಅದನ್ನು ಸಾಯುವ ತನಕ ಹೊತ್ತುಕೊಂಡು ತಿರುಗುತ್ತಾಳೆ ಎಂದು ಕಂಡಿತು. ನನ್ನ ಹತ್ತಿರ ಇಲ್ಲದ ಮಾಲನ್ನು ನಾನು ಅವತ್ತು ಮಾರಲಿಲ್ಲ. ಇವತ್ತಿನವರೆಗೂ ಮಾರಿಲ್ಲ.

"ಗೊತ್ತಿಲ್ಲ ಅಜ್ಜೀ. ಆಗಿರಬಹುದು, ಆಗಿರಲಿಕ್ಕಿಲ್ಲ. ದೂರದ ಲಗ್ನದಾಗೂ ಕೂಸು ಹೋಗ್ತಾವ. ಸಂಬಂಧದಾಗ ಸ್ವಲ್ಪ ಹೆಚ್ಚಂತ. ಅಷ್ಟ."

ಅಜ್ಜಿ ಮೊರ ಕೆಳಗಿಟ್ಟಳು.

"ನನ್ನ ಕೊಟ್ಟ ಮನ್ಯಾಗ ನಮ್ಮ ಅತ್ತಿ ರೊಟ್ಟಿ ಎಣಿಸಿ ಬುಟ್ಟಿ ಮುಚ್ಚತಿದ್ಲು. ಸುಟ್ಟಾಕಿ ನಾನು, ಕಡೀಗೆ ಉಣ್ಣಾಕಿನೂ ನಾನು. ಎಷ್ಟೋ ದಿನ ನೀರು ಕುಡದು ಮಲಗೀನಿ. ನನ್ನ ಮಗಳು ಹಂಗ ಮಲಗಬಾರದಂತ ನನ್ನ ತಮ್ಮಗ ಕೊಟ್ಟೆ. ಮಲ್ಲೂನ ಮನ್ಯಾಗ ಆಕಿ ಒಂದಿನಾನೂ ಹಸಕೊಂಡಿಲ್ಲ. ಹೌದಿಲ್ಲೋ ಪಾರೂ?"

"ಹೌದು ಯವ್ವಾ. ಹಸಕೊಂಡಿಲ್ಲ."

"ಮತ್ತ?"

ಅವ್ವ ಕರಕು ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಕೈಯ ಹಿಟ್ಟು ಒರೆಸಿಕೊಂಡಳು.

"ಆಕಿ ಗೊತ್ತಿಲ್ಲಂತಾಳ. ಗೊತ್ತಿಲ್ಲದ್ದನ್ನ ನಾ ಇನ್ನೊಮ್ಮೆ, ನನ್ನ ಮಗಳ ತೊಡಿ ಮ್ಯಾಲೆ ನೋಡಂಗಿಲ್ಲ ಯವ್ವಾ. ನೀ ಏನರೆ ಅನ್ನು."

ಅವ್ವ ಅಜ್ಜಿಯ ಎದುರು ಹೀಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಜ್ಜಿ ಎದ್ದು ಹಿತ್ತಲಿಗೆ ಹೋದಳು. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ನನ್ನ ಹತ್ತಿರ ಬಂದು ಅಂಗೈ ಚಾಚು ಅಂದಳು. ಚಾಚಿದೆ. ಅದರ ಮೇಲೆ ತನ್ನ ಅಂಗೈ ಇಟ್ಟು, ಈ ಸಲ ಬಡಿಯದೆ, ಹಿಂದಕ್ಕೆ ತೆಗೆದುಕೊಂಡಳು.

"ನಿನ್ನ ಮಾತು ನಿನಗ ವಾಪಸ್. ಶಿವೂಗ ನಾನಾ ಹೇಳ್ತೀನಿ."

ರವಿವಾರ ಮಾಮಾ ಊಟಕ್ಕೆ ಕೂತಾಗ ಆಕೆ ಹೇಳಿದಳು, ಸುತ್ತಿ ಬಳಸದೆ, ನಾಲ್ಕು ಮಾತಿನಲ್ಲಿ. ಅವನು ತಾಟಿನಿಂದ ಕಣ್ಣೆತ್ತಲಿಲ್ಲ.

"ಸುನಂದಾಗ ಬ್ಯಾಡಾಗಿತ್ತೇನು?"

ನಾನು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ನಿನಗ ಬೇಕಾಗಿತ್ತೇನೋ?" ಅಂದಳು ಅವ್ವ, ಮೆಲ್ಲಗೆ.

"ನನಗೇನು ಗೊತ್ತು ಅಕ್ಕಾ. ಯಾರರೆ ಹೆಣ್ಣು ತೋರಸ್ತೀನಂದ್ರ ನಮ್ಮನ್ಯಾಗ ಅದ ಅಂತಿದ್ದೆ. ಬೇಕೋ ಬ್ಯಾಡೋ ಅಂತ ನನ್ನ ಯಾರೂ ಕೇಳಲಿಲ್ಲ. ನಾನೂ ಕೇಳ್ಕೊಳ್ಳಲಿಲ್ಲ."

ಪೂರ್ತಿ ಉಂಡ. ತಾಟನ್ನು ತಾನೇ ತೊಳೆದಿಟ್ಟ. ಅವತ್ತೂ ಹಾಳೆಯ ಸುರುಳಿ ತಂದಿದ್ದ, ಅದನ್ನು ಟೇಬಲ್ಲಿನ ಮೇಲಿಟ್ಟು ಸೈಕಲ್ ಹತ್ತಿ ಹೋದ. ಮುಂದಿನ ಮೂರು ರವಿವಾರ ಬರಲಿಲ್ಲ. ನಾನು ಅಜ್ಜಿಯ ಜೊತೆ ಚೌಕಾಸಿ ಮಾಡಿದ್ದೆ, ಗೆಳತಿಯರ ಎದುರು ಮಾತು ತಿರುಗಿಸಿದ್ದೆ, ಮೇಡಮ್ಮಿನ ಮುಂದೆ ಎಲ್ಲ ಬಿಚ್ಚಿ ಹೇಳಿದ್ದೆ. ಮಾಮಾ ಒಬ್ಬನ ಹತ್ತಿರ ಮಾತ್ರ ಹೋಗಿ ನಿನಗೇನು ಬೇಕು ಎಂದು ಕೇಳಿರಲಿಲ್ಲ. ಅವನನ್ನೇ ಒತ್ತೆಯಿಟ್ಟು ಎರಡು ವರ್ಷ ಕೊಂಡಿದ್ದೆ, ಅವನಿಗೆ ತಿಳಿಸದೆ. ವ್ಯಾಪಾರದಲ್ಲಿ ಇದಕ್ಕಿಂತ ಕೆಟ್ಟ ನಡತೆ ಇಲ್ಲ ಎಂದು ಈಗ ನನ್ನ ಕೈಕೆಳಗಿನ ಹುಡುಗರಿಗೆ ಹೇಳುತ್ತೇನೆ. ಯಾಕೆ ಹೇಳುತ್ತೇನೆಂದು ಅವರಿಗೆ ತಿಳಿಯುವುದಿಲ್ಲ. ನಾಲ್ಕನೆಯ ರವಿವಾರ ಅಜ್ಜಿ ಒಬ್ಬಳೇ ಎರಡು ಬಸ್ಸು ಬದಲಿಸಿ ಯೆರವಡಾಕ್ಕೆ ಹೋಗಿ ಅವನನ್ನು ಕರೆತಂದಳು. ದಾರಿಯಲ್ಲಿ ತಾಯಿ ಮಗ ಏನು ಮಾತಾಡಿದರೋ ಗೊತ್ತಿಲ್ಲ. ಬಂದವನು ಉಂಡ, ನನ್ನ ಕಡೆ ಮಾತ್ರ ನೋಡಲಿಲ್ಲ.

ನನ್ನ ಪರೀಕ್ಷೆ ಮುಗಿದ ವಾರ ಸೊಲ್ಲಾಪುರದಲ್ಲಿ ಒಂದು ಹೆಣ್ಣಿದೆ ಎಂದು ಸುದ್ದಿ ಬಂತು. ಅಜ್ಜಿ, ಅಪ್ಪ, ಅವ್ವ, ಮಾಮಾ ಹೊರಟರು. ಅಜ್ಜಿ ನನ್ನನ್ನೂ ಎಳೆದುಕೊಂಡಳು. "ನೀ ಬಾ. ಏನರೆ ಮುಚ್ಚಿಟ್ಟಿದ್ರ ನಿನಗ ವಾಸನಿ ಬಡೀತದ" ಎಂಬುದು ಆಕೆ ಕೊಟ್ಟ ಕಾರಣ. ಹುಡುಗಿ ಬಂದಳು, ಅವಲಕ್ಕಿ ತಂದಿಟ್ಟಳು. ಅಜ್ಜಿ ಕೇಳಿದ್ದಕ್ಕೆಲ್ಲ ನಡುಗದೆ ಉತ್ತರ ಕೊಟ್ಟು ಒಳಗೆ ಹೋದಳು. ಮಾಮಾ ತಲೆ ತಗ್ಗಿಸಿ ತನ್ನ ಚಪ್ಪಲಿ ಬಿಟ್ಟ ಕಡೆಯೇ ನೋಡುತ್ತಿದ್ದ. ಆಮೇಲೆ ಹುಡುಗಿಯ ಅಪ್ಪ ಚಹದ ಬಸಿ ಕೆಳಗಿಟ್ಟು, ಕಾಲು ಮಡಚಿ ಸರಿಯಾಗಿ ಕೂತರು. ನಮ್ಮ ಮಂದಿಯಲ್ಲಿ ಇದು ಬಹಳ ರುಚಿಯ ಹೊತ್ತು. ಎರಡು ಮನೆಯ ನಡುವೆ ಹಳೆಯ ಸಂಬಂಧ ಹುಡುಕುವುದು, ಸಿಕ್ಕರೆ ಎರಡೂ ಕಡೆಯವರು ತೊಡೆ ತಟ್ಟಿ ನಗುವುದು. ಇದರಲ್ಲಿ ನಮ್ಮ ಅಜ್ಜಿಯನ್ನು ಮೀರಿಸಿದವರಿರಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳು ಟಿಕೆಟ್ ತೆಗೆಸುವುದರೊಳಗೆ ಆಕೆಯ ಚಿಕ್ಕಮ್ಮನ ಬೀಗತಿಯನ್ನು ನಮ್ಮ ದಾಯಾದಿಯಾಗಿಸಿ ಬಿಡುತ್ತಿದ್ದಳು.

"ನಿಮ್ಮ ತವರಮನಿ ಯಾವೂರ್ರಿ ಅಮ್ಮಾರ?" ಎಂದು ಅವರು ಅಜ್ಜಿಯನ್ನು ಕೇಳಿದರು.

"ಇಂಡಿ ಕಡೀದ್ರಿ."

"ಇಂಡಿ! ಅಯ್ಯ, ನಮ್ಮ ಸ್ವಾದರತ್ತೀನ ಅಲ್ಲೇ ಕೊಟ್ಟಾರಲ್ರಿ! ಯಾರ ಪೈಕಿ ನೀವು?"

ಅಜ್ಜಿಯ ಮುಖದಿಂದ ನಗು ಇಳಿಯಿತು. ಅವ್ವ ನನ್ನ ಮೊಣಕೈ ಹಿಡಿದುಕೊಂಡಳು.

"ಇಂಡಿಯೊಳಗ ಮಂದಿ ಭಾಳ ಅದಾರ್ರಿ," ಅಂದಳು ಅಜ್ಜಿ.

"ಇರ್ಲಿ ಬಿಡ್ರಿ, ಮನೆತನದ ಹೆಸರು ಹೇಳ್ರಿ, ಈಗಿಂದೀಗ ಹಚ್ಚಿಬಿಡ್ತೀನಿ. ನಮ್ಮತ್ತಿ ಮೈದುನಂದು ಒಂದು—"

ಅಜ್ಜಿ ಅಂಗೈ ಎತ್ತಿ ಅವರ ಮುಖದ ಮುಂದೆ ಹಿಡಿದಳು.

"ನಿಲ್ರಿ ಯಜಮಾನ್ರ, ಅಲ್ಲೇ ನಿಲ್ರಿ! ಹುಡುಗಿ ನಮ್ಮ ಮನಸ್ಸಿಗೆ ಬಂದಾಳ. ಇನ್ನೊಂದು ಹೆಜ್ಜಿ ಮುಂದ ಇಟ್ರ ಸಂಬಂಧ ಸಿಕ್ಕಬಿಡ್ತದ, ನಾವು ಎದ್ದು ಹೋಗಬೇಕಾಗ್ತದ!"

ಅವರು ತೆರೆದ ಬಾಯಿ ತೆರೆದೇ ಕೂತರು. ಹೆಣ್ಣು ನೋಡಲು ಬಂದವರು ಹಳೆ ನಂಟಿಗೆ ಹೀಗೆ ಅಂಜಿದ್ದನ್ನು ಆ ಮನೆ ಕಂಡಿರಲಿಕ್ಕಿಲ್ಲ. ಆಗ ಒಳಗಿನ ಬಾಗಿಲ ಮರೆಯಿಂದ, ತಡೆದೂ ತಡೆಯಲಾರದ ಒಂದು ನಗು ಹೊರಗೆ ಬಂತು. ಹುಡುಗಿಯದು. ಯಾರೋ ಒಳಗೆ ಅವಳನ್ನು ಗದರಿದರು, ಅದಕ್ಕೂ ಅದು ನಿಲ್ಲಲಿಲ್ಲ.

ಶಿವು ಮಾಮಾ ತಲೆ ಎತ್ತಿ ಆ ಬಾಗಿಲ ಕಡೆ ನೋಡಿದ.